ಹೊತ್ತು ಮೂಡುವ ಮುಂಚಿನ ಸಿಂದಿ

ಅದು ನಾಲಗೆಯ ಮೇಲೆ ಚುರುಕ್ ಎನ್ನುತ್ತಿತ್ತೋ ಇಲ್ಲವೋ, ನನಗೆ ತಿಳಿಯಬೇಕಾದದ್ದು ಅಷ್ಟೇ. ಉಳಿದದ್ದೆಲ್ಲ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಮಾಮನ ಕಂಬಳಿಗೆ ಅಂಟಿದ್ದ ಆಡಿನ ವಾಸನೆ. ಮಂಜಿನೊಳಗೆ ಎಲ್ಲಿಂದಲೋ ಕೇಳುವ ಕೊರಳಗಂಟೆ. ಹಳ್ಳದ ದಂಡೆಯ ಮೇಲೆ ತಲೆಗೆದರಿಕೊಂಡು ನಿಂತ ಏಳೆಂಟು ಈಚಲ ಗಿಡಗಳು. ಹಿತ್ತಾಳೆ ಚರಗಿಯ ತಣ್ಣನೆಯ ಅಂಚು. ಅದರೊಳಗಿನ ಸಿಂದಿ, ಆ ಗಿಡಗಳ ರಸ, ಸಿಹಿಯಾಗಿತ್ತು, ಅದೂ ಖಂಡಿತ. ಆದರೆ ಸಿಹಿಯ ಬೆನ್ನಿಗೇ ಹುಳಿತ ರಸದ, ಸೂಜಿಮೊನೆಯಂಥ ಒಂದು ಚುರುಕು ಬರುತ್ತಿತ್ತೇ? ಬರುತ್ತಿತ್ತು ಎಂದಾದರೆ ನನಗೆ ಆಗಲೇ ಗೊತ್ತಿತ್ತು. ಬರುತ್ತಿರಲಿಲ್ಲ ಎಂದಾದರೆ ನನ್ನ ತಪ್ಪು ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತೇನೆ. ಮಾಮ ಎಂದರೆ ನನ್ನ ಅವ್ವನ ತಮ್ಮ, ಮಂಠಾಳದ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿದ್ದವನು. ಇಪ್ಪತ್ತೈದು ಮೂವತ್ತು ಆಡು, ಎರಡೆಕರೆ ತೊಗರಿ ಹೊಲ, ಒಬ್ಬ ಮಗ. ರಜೆ ಬಂತೆಂದರೆ ನಾನು ಬಸವಕಲ್ಯಾಣದಲ್ಲಿ ಬಸ್ಸಿಳಿದು, ಟಂಟಂ ಹಿಡಿದು, ಅವನ ಮನೆಗೆ ಹೋಗಿಬಿಡುತ್ತಿದ್ದೆ. ಚಳಿಗಾಲದ ರಜೆಗಳೇ ಹೆಚ್ಚು ನೆನಪಾಗುತ್ತವೆ. ಸಿಂದಿ ಇಳಿಯುವುದು ಚಳಿಗಾಲದಲ್ಲಿ.

ಈಚಲ ಗಿಡದ ಕುತ್ತಿಗೆಯನ್ನು ಕೆತ್ತಿ, ಸಂಜೆ ಗಡಿಗೆ ಕಟ್ಟಿಬಿಟ್ಟರೆ ಬೆಳಗಾಗುವ ಹೊತ್ತಿಗೆ ರಸ ತೊಟ್ಟಿಕ್ಕಿ ತುಂಬಿರುತ್ತದೆ. ಮಾರುವ ಅಂಗಡಿಗಳು ಬಂದ್ ಆಗಿ ಎಷ್ಟೋ ವರ್ಷವಾಗಿದ್ದರೂ ಹಳ್ಳದ ದಂಡೆಯ ಆ ಗಿಡಗಳಿಗೆ ಗಡಿಗೆ ಕಟ್ಟುವುದು ನಿಂತಿರಲಿಲ್ಲ. ನಮ್ಮ ಕಡೆ ಎಲ್ಲರೂ ನಂಬಿದ್ದ ಮಾತೊಂದಿತ್ತು. ಹೊತ್ತು ಮೂಡುವ ಮುಂಚೆ ಇಳಿಸಿ ಕುಡಿದರೆ ಅದರಲ್ಲಿ ಅಮಲಿಲ್ಲ, ಅದು ಬರೀ ಗಿಡದ ನೀರು. ಬಿಸಿಲು ತಾಗಿದ ಮೇಲೆಯೇ ಅದು ಹುಳಿತು ಹೆಂಡವಾಗುವುದು. ಮುಂಜಾನೆಯದು ತಂಪು, ಉರಿಮೂತ್ರಕ್ಕೆ ಒಳ್ಳೆಯದು, ಹರಳಿಗೆ ಒಳ್ಳೆಯದು, ಕಾಮಾಲೆಯಾದವರಿಗಂತೂ ಔಷಧಿ.

ಮಾಮನಿಗೆ ಕಾಮಾಲೆಯಾಗಿತ್ತು. ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗಿನ ಮಾತು. ಅದಕ್ಕೂ ಮುಂಚೆ ಅವನು ಸಂಜೆ ಹೊತ್ತು ದಾರು ಕುಡಿಯುತ್ತಿದ್ದ. ಕಣ್ಣು ಅರಿಶಿಣವಾದಾಗ ಡಾಕ್ಟರು, ಲಿವರ್ ಒಮ್ಮೆ ಕೆಟ್ಟಿದೆ, ಇನ್ನು ಮುಂದೆ ಅಮಲಿನ ಒಂದು ಹನಿಯೂ ಹೊಟ್ಟೆಗೆ ಹೋಗಬಾರದು ಎಂದರು. ಮಾಮ ಅವತ್ತೇ ದಾರು ಬಿಟ್ಟ. ಹಾಗೆ ಒಂದೇ ಏಟಿಗೆ ಬಿಟ್ಟವರನ್ನು ನಾನು ಮತ್ತೆ ನೋಡಿಲ್ಲ. ಊರಿನವರು ಕರೆದು ಕೈಗೆ ಗ್ಲಾಸು ಕೊಟ್ಟರೆ, “ಬ್ಯಾಡ್ರಪಾ, ಡಾಕ್ಟರ್ ನನ್ನ ಹೆಸರ ಮ್ಯಾಲ ಗೆರಿ ಎಳದಾನ” ಎಂದು ನಕ್ಕು ಎದ್ದುಬಿಡುತ್ತಿದ್ದ. ಉಳಿದದ್ದು ಮುಂಜಾನೆಯ ಸಿಂದಿ. ಅದನ್ನು ಅವನು ಔಷಧಿಯೆಂದೇ ಕುಡಿಯುತ್ತಿದ್ದ, ದಿನಾ ಒಂದು ತುಂಬು ಚರಗಿ, ಆಡು ಬಿಟ್ಟುಕೊಂಡು ಹೋಗುವಾಗ.

ಆ ವರ್ಷದ ರಜೆಯಲ್ಲಿ ಹಳ್ಳದ ದಂಡೆಯಲ್ಲಿ ಕೂತಿದ್ದಾಗ ಅವನು ಕೇಳಿದ:

“ಅಳ್ಯಾ, ನೀ ಅಲ್ಲಿ ದಿನಾ ಬಾಟ್ಲಿ ಕುದಸ್ಕೋತ ಕುಂದರ್ತಿ ಅಂತಲ್ಲ, ನಿಮ್ಮವ್ವ ಹೇಳ್ದಳು.”

“ಹೂಂ ಮಾಮಾ.”

“ನಮ್ಮದೂ ಒಂದ್ ಬಾಟ್ಲಿ ಕುದಸಿ ನೋಡು. ಡಾಕ್ಟರ್ ಒಂದ್ ಹನಿನೂ ಬ್ಯಾಡ ಅಂದಾನ. ಇದ್ರಾಗ ಅಮಲ್ ಅದ ಅಂತ ನೀ ಹೇಳಿದ್ರ ಇವತ್ತೇ ಬಿಡ್ತೀನಿ. ದಾರುನೇ ಬಿಟ್ಟೀನಿ, ಇದೇನು ದೊಡ್ಡದು.”

ಅವನು ಹಾಗೆ ಹೇಳಿದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿದ್ದಿದ್ದರೆ ಚೆನ್ನಾಗಿತ್ತು.

ಮರುದಿನ ಒಂದು ಬಾಟಲಿ ತುಂಬಿಸಿಕೊಂಡು ಹೊರಟೆ. ಬಸವಕಲ್ಯಾಣದಲ್ಲಿ ಬಸ್ಸು ತಡವಾಯಿತು. ಹುಮನಾಬಾದಿನಲ್ಲಿ ಇಳಿದು ಕಲಬುರಗಿ ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲಿತ್ತು. ದಾರಿಯಲ್ಲಿ ಬಿರಡೆ ಫಟ್ಟೆಂದು ಹಾರಿ, ನೊರೆ ಪಕ್ಕದಲ್ಲಿ ಕೂತಿದ್ದ ಮುದುಕನ ಧೋತರದ ಮೇಲೆಲ್ಲ ಚೆಲ್ಲಿತು. ಆತ ಮೂಗಿಗೆ ಹಿಡಿದು ನೋಡಿ, “ಏನಪಾ, ಸಿಂದಿ ತಗೊಂಡು ಸಾಲಿಗಿ ಹೊಂಟಿಯೇನು? ಮಾಸ್ತರಗ ನಜರಾಣಾ ಏನು?” ಎಂದ. ಇಡೀ ಬಸ್ಸು ನಕ್ಕಿತು. ನಾನು ಉಳಿದ ಅರ್ಧ ಬಾಟಲಿಯ ಬಾಯಿಗೆ ಹೆಬ್ಬೆರಳಿಟ್ಟುಕೊಂಡು ಕೂತೆ.

ಮರುದಿನ ಲ್ಯಾಬಿನಲ್ಲಿ ಅದನ್ನು ಕಾಯಿಸಿ, ಆವಿ ಹಿಡಿದು, ತಣಿಸಿ, ಪರೀಕ್ಷೆ ಮಾಡಿದೆ. ಆಲ್ಕೋಹಾಲ್ ಇತ್ತು. ಇತ್ತೋ ಇಲ್ಲವೋ ಎಂದು ತಲೆ ಕೆರೆದುಕೊಳ್ಳುವಷ್ಟು ಕಡಿಮೆಯೇನೂ ಇರಲಿಲ್ಲ. ಆ ಕಾಲದ ನೋಟ್‌ಬುಕ್ ಈಗಲೂ ನನ್ನ ಟ್ರಂಕಿನಲ್ಲಿದೆ. ಪೆನ್ಸಿಲಿನಲ್ಲಿ ಬರೆದಿದ್ದೇನೆ: ‘ಮಾಮನ ಸ್ಯಾಂಪಲ್. ಆಲ್ಕೋಹಾಲ್ ಇದೆ. ದಾರಿಯಲ್ಲಿ ಹುಳಿತಿರಬೇಕು?’

ಆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ನನಗೆ ನೆನಪಿಲ್ಲ. ಆದರೆ ಅದರ ಹಿಂದಿನ ಯೋಚನೆ ಅಷ್ಟೇನೂ ತಪ್ಪಿರಲಿಲ್ಲ. ಬಿಸಿಲಲ್ಲಿ ಅಷ್ಟು ಹೊತ್ತು ಅಲುಗಾಡಿಕೊಂಡು ಬಂದ ರಸ, ರಾತ್ರಿಯಿಡೀ ಹಾಸ್ಟೆಲಿನ ಕಿಟಕಿಯಲ್ಲಿದ್ದ ರಸ, ಹುಳಿಯದೆ ಇರುತ್ತದೆಯೇ? ನನಗೆ ಸಿಕ್ಕ ಉತ್ತರ ಗಿಡದ ಕೆಳಗಿನ ಸಿಂದಿಯದಲ್ಲ, ಬಸ್ಸಿನ ಸಿಂದಿಯದು. ನನ್ನ ಶಿಷ್ಯರು ಯಾರಾದರೂ ಇಂಥ ಸ್ಯಾಂಪಲ್ ತಂದರೆ, ಇದು ನಡೆಯುವುದಿಲ್ಲ, ಜಾಗಕ್ಕೆ ಹೋಗಿ ಮತ್ತೆ ಮಾಡು ಎನ್ನುತ್ತೇನೆ. ನಾನು ಮತ್ತೆ ಮಾಡಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಹತ್ತಿರ ಬಂದಿತ್ತೇ ಎಂದು ಈಗ ಅನುಮಾನ.

ನಿಜವೆಂದರೆ ಆ ಮುಂಜಾನೆಗಳು ನನಗೆ ಬೇಕಾಗಿದ್ದವು. ಮಾಮ ಒಂದು ಗುಟುಕು ಕುಡಿದು ನನಗೆ ಕೊಡುವುದು, ನಾನು ಒಂದು ಗುಟುಕು ಕುಡಿದು ಅವನಿಗೆ ಕೊಡುವುದು, ಆಡುಗಳು ಬಾರಿ ಹಣ್ಣಿನ ಕಂಟಿಗೆ ಮುಂಗಾಲು ಕೊಟ್ಟು ನಿಲ್ಲುವುದು, ಮಾಮ ಹಲ್ಲಿನ ಸಂದಿಯಿಂದ ಸಣ್ಣಗೆ ಶಿಳ್ಳೆ ಹಾಕಿ ಅವುಗಳನ್ನು ಕರೆಯುವುದು. ಅವನು ಸಿಂದಿ ಬಿಟ್ಟಿದ್ದರೆ ಹಳ್ಳದ ದಂಡೆಗೆ ಇಬ್ಬರೂ ಹೋಗಿ ಕೂರಲು ಏನು ಕಾರಣವಿರುತ್ತಿತ್ತು? ಈಗ ಯೋಚಿಸಿದರೆ ಕಾರಣವೇ ಬೇಕಾಗಿರಲಿಲ್ಲ. ಆಗ ಹಾಗೆ ಅನಿಸಿರಲಿಲ್ಲ.

ಮುಂದಿನ ಸಲ ಹೋದಾಗ ಮಾಮನಿಗೆ ಏನು ಹೇಳಿದೆ? ನನ್ನ ನೆನಪಿನ ಪ್ರಕಾರ, “ಮುಂಜಾನಿಂದು ಇದ್ರ ಏನಾಗಲ್ಲ ಮಾಮಾ, ಹೊತ್ತೇರಿದ ಮ್ಯಾಲ ಕುಡಿಬ್ಯಾಡ” ಎಂದೆ. ಮಾಮ ಊರಿಗೆಲ್ಲ ಹೇಳಿದ್ದು ಬೇರೆ: “ನಮ್ಮ ಅಳಿಯ ಯುನಿವರ್ಸಿಟಿದಾಗ ಟೆಸ್ಟ್ ಮಾಡ್ಯಾನ. ಬಿಲ್ಕುಲ್ ಏನೂ ಇಲ್ಲ ಅದ್ರಾಗ.” ಕಟ್ಟೆಯ ಮೇಲೆ ಕೂತವರು ನನ್ನ ಕಡೆ ನೋಡುತ್ತಿದ್ದರು. ನಾನು ಅಲ್ಲಗಳೆದದ್ದು ಒಮ್ಮೆಯೂ ನೆನಪಿಗೆ ಬರುವುದಿಲ್ಲ. ಹೆಮ್ಮೆಯಾಗಿತ್ತೆಂದು ತೋರುತ್ತದೆ.

ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಮಾಮ ತೂರಾಡಿದ್ದನ್ನು ಯಾರೂ ನೋಡಲಿಲ್ಲ. ಬಾಯಿ ವಾಸನೆ ಬರಲಿಲ್ಲ, ಮಾತು ತೊದಲಲಿಲ್ಲ, ಯಾರ ಜೊತೆಗೂ ಜಗಳವಾಡಲಿಲ್ಲ. ಊರಿನಲ್ಲಿ ಕುಡಿತ ಬಿಟ್ಟವನು ಎಂದರೆ ಅವನನ್ನೇ ತೋರಿಸುತ್ತಿದ್ದರು. ಆಮೇಲೆ ಕಾಲು ಬಾತವು. ಹೊಟ್ಟೆ ನೀರು ತುಂಬಿಕೊಂಡು ಬಿಗಿಯಿತು. ನಾನು ಅವನನ್ನು ಹುಮನಾಬಾದಿಗೆ ಕರೆಸಿಕೊಂಡು ಒಬ್ಬ ಡಾಕ್ಟರ ಬಳಿ ಕರೆದೊಯ್ದೆ.

“ಕುಡೀತೀರೇನು?” ಎಂದು ಅವರು ಕೇಳಿದರು.

“ಇಲ್ರಿ ಸಾಹೇಬ್ರ. ಕಾಮಣಿ ಆದಾಗಿಂದ ಮುಟ್ಟಿಲ್ಲ. ಮುಂಜಾನಿ ಹೊತ್ತು ಹೊಂಡೂಕಿಂತ ಮೊದಲ ಒಂದ್ ಚರಗಿ ಸಿಂದಿ ಅಷ್ಟ. ಅದ್ರಾಗ ಏನೂ ಇಲ್ರಿ. ನಮ್ಮ ಅಳಿಯ ಇಲ್ಲೇ ಕುಂತಾನಲ್ಲ, ಇವನೇ ಟೆಸ್ಟ್ ಮಾಡ್ಯಾನ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಅಲ್ಲಿಂದ ಮುಂದೆ ನನ್ನ ನೆನಪು ಹರಿದಿದೆ. ಹೌದು ಎಂದೆನೋ, ತಲೆ ತಗ್ಗಿಸಿದೆನೋ, ಏನಾದರೂ ತೊದಲಿದೆನೋ. ಅದಾದ ಮೇಲೆ ಹೊರಗಿನ ವರಾಂಡದಲ್ಲಿ ಅವರು ನನಗೊಬ್ಬನಿಗೇ ಹೇಳಿದ್ದು ಮಾತ್ರ ಅಕ್ಷರಕ್ಷರ ಕೇಳಿಸುತ್ತದೆ: “ಸಿಂದಿನೋ ಬಿಯರೋ ವ್ಹಿಸ್ಕಿನೋ, ಲಿವರ್‌ಗೆ ಹೆಸರು ಗೊತ್ತಾಗಲ್ಲ ಸರ್. ದಿನಾ ಒಂದು ಚರಗಿ ಅಂದ್ರೆ ದಿನಾ ಬಿಯರ್ ಕುಡಿದ ಹಾಗೇ. ಅಮಲೇರಲಿಲ್ಲ ಅಂದ್ರೆ ಒಳಗೆ ಏನೂ ಆಗಿಲ್ಲ ಅಂತಲ್ಲ. ಚೆನ್ನಾಗಿರೋ ಲಿವರ್‌ಗೂ ಅದು ಒಳ್ಳೇದಲ್ಲ, ಇವರದ್ದು ಮೊದಲೇ ಕೆಟ್ಟಿತ್ತು.”

ಆ ವರ್ಷ ತೊಗರಿ ರಾಶಿ ಮಾಡುವಾಗ ಮಾಮ ಇರಲಿಲ್ಲ.

ಇದೆಲ್ಲ ಆಗಿ ಮೂರು ವರ್ಷ. ಹೋದ ಚಳಿಗಾಲದಲ್ಲಿ ಅತ್ತೆ, ಅಂದರೆ ಮಾಮನ ಹೆಂಡತಿ, ಫೋನು ಮಾಡಿದಳು. ಅವಳು ಫೋನಿನಲ್ಲಿ ಆರಾಮಿದ್ದೀಯಾ ಎಂದು ಕೇಳುವವಳಲ್ಲ, ನೇರ ವಿಷಯಕ್ಕೆ ಬರುತ್ತಾಳೆ.

“ನೀ ಒಂದ್ ಸಲ ಬಂದು ಹೋಗು. ಇವ್ನೂ ಶುರು ಮಾಡ್ಯಾನ, ಅವರಪ್ಪನಂಗ. ಮುಂಜಾನಿ ಆಡು ಬಿಟ್ಕೊಂಡ್ ಹೋಗೋದು, ಚರಗಿ ಎತ್ತೋದು. ಬ್ಯಾಡಪ್ಪಾ ಅಂದ್ರ ‘ಭಾವ ಟೆಸ್ಟ್ ಮಾಡ್ಯಾನ’ ಅಂತಾನ. ಕಣ್ಣ್ ಜರಾ ಹಳದಿ ಕಾಣಾಕತ್ತಾವ ಅವಂದು. ನನ್ನ ಮಾತ್ ಕೇಳಲ್ಲ. ನೀ ಹೇಳಿದ್ದು, ನೀನೇ ಬಂದು ಹೇಳು.”

ಮಾಮನ ಮಗ ನನಗಿಂತ ಆರೇಳು ವರ್ಷ ಚಿಕ್ಕವನು. ಮದುವೆಯಾಗಿದೆ. ಅಪ್ಪನ ಆಡುಗಳು ಈಗ ಅವನವು. ಫೋನು ಇಟ್ಟ ಮೇಲೆ ಟ್ರಂಕು ತೆಗೆದು ಆ ನೋಟ್‌ಬುಕ್ ಹುಡುಕಿದೆ. ಪೆನ್ಸಿಲಿನ ಸಾಲು ಮಾಸಿತ್ತು, ಪ್ರಶ್ನೆಯ ಚಿಹ್ನೆ ಮಾಸಿರಲಿಲ್ಲ.

ಈ ಸಲ ಬಾಟಲಿಯಲ್ಲಿ ತುಂಬಿಸಿ ತರುವ ಬದಲು ಪರೀಕ್ಷೆಯನ್ನೇ ಗಿಡದ ಕೆಳಗೆ ಒಯ್ದೆ. ಒಂದು ಗಾಜಿನ ಕೊಳವೆಯೊಳಗೆ ಆಮ್ಲದಲ್ಲಿ ನೆನೆಸಿದ ಕಿತ್ತಳೆ ಬಣ್ಣದ ಹರಳು ತುಂಬಿ, ಎರಡೂ ಬದಿ ಮುಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡೆ. ಆಲ್ಕೋಹಾಲಿನ ಆವಿ ಅದರ ಮೂಲಕ ಹಾದುಹೋದರೆ ಕಿತ್ತಳೆ ಬಣ್ಣ ಹಸಿರಾಗುತ್ತದೆ. ಸಕ್ಕರೆ ಆವಿಯಾಗುವುದಿಲ್ಲ, ಆದ್ದರಿಂದ ರಸದ ಸಿಹಿ ಮೋಸ ಮಾಡಲಾರದು. ಗಾಳಿ ಒತ್ತಲು ಒಂದು ರಬ್ಬರ್ ಗುಂಡು, ಒಂದು ಸಣ್ಣ ಬಾಟಲಿ, ಥರ್ಮಾಸಿನಲ್ಲಿ ಬಿಸಿನೀರು.

ಮುಂಜಾನೆ ಆಡುಗಳ ಹಿಂದೆ ಇಬ್ಬರೂ ನಡೆದೆವು. ಮಂಜಿತ್ತು. ಅವನು ಹೊದ್ದದ್ದು ಮಾಮನ ಕಂಬಳಿ. ನಾನು ಅವನ ಬೆನ್ನನ್ನೇ ನೋಡಿಕೊಂಡು ನಡೆಯುತ್ತಿದ್ದೆ. ಅವನೂ ಹಲ್ಲಿನ ಸಂದಿಯಿಂದಲೇ ಶಿಳ್ಳೆ ಹಾಕುತ್ತಾನೆಂದು ನನಗೆ ಗೊತ್ತಿರಲಿಲ್ಲ. ಮೊದಲ ಶಿಳ್ಳೆ ಕೇಳಿದಾಗ ಒಂದು ಕ್ಷಣ ನಿಂತುಬಿಟ್ಟೆ.

“ಯಾಕ ಭಾವಾ, ಮುಳ್ಳ್ ಚುಚ್ಚಿತೇನು? ಬೂಟ್ ಹಾಕ್ಕೊಂಡ್ ಬಂದೀರಿ, ಆದ್ರೂ?”

“ಏನಿಲ್ಲ, ನಡಿ.”

ಮಾಮನ ಕಾಲದಿಂದ ಸಿಂದಿ ಇಳಿಸುತ್ತಿದ್ದ ಅದೇ ಮನುಷ್ಯ ಆಗಷ್ಟೇ ಗಿಡದಿಂದ ಇಳಿಯುತ್ತಿದ್ದ, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಮೂಡಣ ಇನ್ನೂ ಕೆಂಪಾಗಿರಲಿಲ್ಲ. ಮಾಮನ ಮಗ ಚರಗಿ ತುಂಬಿಸಿ ನನ್ನ ಮುಂದೆ ಹಿಡಿದ. “ಮೊದಲ ನೀವು ತಗೋರಿ, ಸಾಹೇಬ್ರ. ಬ್ಯಾಡ ಅಂತ ಹೇಳಾಕ ಬಂದೀರಿ ಅಂತ ಗೊತ್ತದ ನನಗ. ಅವ್ವ ಕರಸ್ಯಾಳ. ಕುಡದು ಹೇಳ್ರಿ.”

ಒಂದು ಗುಟುಕು ಕುಡಿದೆ. ಸಿಹಿ. ಅದರ ಬೆನ್ನಿಗೇ ನಾಲಗೆಯ ತುದಿಯಲ್ಲಿ ಚುರುಕ್ ಎಂದಿತು. ಗಂಟಲಿನಲ್ಲಿ ಆ ಹಳೆಯ ತಂಪು ಇಳಿಯಿತು, ಕಣ್ಣು ತುಂಬಿಕೊಂಡಿತು. ಇದೇ, ಇದೇ ಎಂದಿತು ಮೈ. ಆದರೆ ಮೈ ಹೇಳಿದ್ದನ್ನು ನಂಬುವುದು ಹೇಗೆ? ಈಗ ಕುಡಿದದ್ದರ ರುಚಿಯನ್ನೇ ಅಂದಿನ ಗುಟುಕಿಗೂ ಅಂಟಿಸುತ್ತಿದ್ದೇನೋ ಏನೋ. ಇನ್ನೊಂದು ಗುಟುಕು ಕುಡಿದರೆ ತಿಳಿದೀತು ಎನಿಸಿತು. ಎರಡನೆಯದು ಪರೀಕ್ಷೆಗಲ್ಲ, ಆಸೆಗೆ ಎಂದು ಗೊತ್ತಾಗಿ ಚರಗಿ ಕೆಳಗಿಟ್ಟೆ.

ಸಿಂದಿ ಇಳಿಸುವವನು ಗಡಿಗೆಯನ್ನು ಬಗ್ಗಿಸಿ ಕ್ಯಾನಿಗೆ ಸುರಿಯುತ್ತಿದ್ದ. ಪೂರ್ತಿ ಸುರಿಯದೆ, ತಳದಲ್ಲಿ ಸ್ವಲ್ಪ ಉಳಿಸಿ, ಪಕ್ಕಕ್ಕಿಟ್ಟ. ಅವನು ಹಾಗೆ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿದ್ದೆ ಎಂಬುದು ನೆನಪಾದದ್ದು ಆಗ.

“ಗಡಿಗಿ ತೊಳಿಯಲ್ಲೇನು?” ಎಂದು ಕೇಳಿದೆ.

“ತೊಳದ್ರ ಹ್ಯಾಂಗ್ರಿ? ನಿನ್ನಿಂದು ತಳದಾಗ ಒಂದ್ ಗುಟುಕು ಬಿಟ್ಟೇ ಕಟ್ಟಬೇಕು. ಇಲ್ಲಂದ್ರ ಸಪ್ಪಗ ಬರ್ತದ, ಯಾರೂ ಕುಡಿಯಲ್ಲ. ನಮ್ಮಪ್ಪನೂ ಹಂಗೇ ಮಾಡ್ತಿದ್ದ.”

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಿನ್ನೆಯ ಹುಳಿ ಸಿಂದಿಯ ಮೇಲೆ ಇಂದಿನ ರಸ ಸಂಜೆಯಿಂದ ಬೆಳಗಿನವರೆಗೆ ತೊಟ್ಟಿಕ್ಕುತ್ತದೆ. ಮೊದಲ ಹನಿ ಬಿದ್ದ ಗಳಿಗೆಯಿಂದಲೇ ಗಡಿಗೆಯೊಳಗೆ ಹುಳಿಯಲು ಶುರು. ಹೊತ್ತು ಮೂಡುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬಸ್ಸಿಗೂ ಇಲ್ಲ, ಹಾಸ್ಟೆಲಿನ ಕಿಟಕಿಗೂ ಇಲ್ಲ. ಹೆಪ್ಪು ಹಾಕಿದ ಹಾಲು ಬೆಳಗಿನ ಜಾವದವರೆಗೂ ಹಾಲಾಗಿಯೇ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ಅತ್ತೆಯೇ ನಗುತ್ತಾಳೆ. ಇದನ್ನು ಮಾತ್ರ ಊರಿಗೆ ಊರೇ ನಂಬಿತ್ತು. ಓದಿದವನು ನಾನೊಬ್ಬನಿದ್ದೆ. ಗಡಿಗೆಯೊಳಗೆ ಬಗ್ಗಿ ನೋಡಲಿಲ್ಲ.

ಮೊದಲು ಬಾಟಲಿಗೆ ಹಳ್ಳದ ನೀರು ಹಾಕಿ, ಬಿಸಿನೀರಿನಲ್ಲಿಟ್ಟು, ಕೊಳವೆಯ ಮೂಲಕ ಗಾಳಿ ಒತ್ತಿ ತೋರಿಸಿದೆ. ಕಿತ್ತಳೆ ಕಿತ್ತಳೆಯಾಗಿಯೇ ಉಳಿಯಿತು. “ಇದು ನೀರು. ಈಗ ನೋಡು,” ಎಂದು ಬಾಟಲಿ ಚೆಲ್ಲಿ ಚರಗಿಯ ಸಿಂದಿ ತುಂಬಿಸಿದೆ. ಗುಂಡು ಒತ್ತತೊಡಗಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಏನೂ ಆಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ ಎಂಬುದನ್ನೂ ಬರೆಯಬೇಕು. ಆಮೇಲೆ ಕೊಳವೆಯ ಬಾಟಲಿ ಕಡೆಯ ತುದಿಯಿಂದ ಹಸಿರು ಮೆಲ್ಲಗೆ ಏರತೊಡಗಿತು.

ಸಿಂದಿ ಇಳಿಸುವವನು ಬಗ್ಗಿ ನೋಡಿ, “ಚಂದ ಅದ್ರಿ ಬಣ್ಣ,” ಎಂದು ತನ್ನ ಕ್ಯಾನು ಎತ್ತಿಕೊಂಡು ಹೋದ.

ಮಾಮನ ಮಗ ಕೊಳವೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. “ಅಂದ್ರ ಅಮಲ್ ಅದ.”

“ಅದ. ಬಿಯರಿನಂಗ. ಆವತ್ತೂ ಬಂದಿತ್ತು.”

“ಯಾವತ್ತು?”

“ನಾ ಕಲಬುರಗಿಗಿ ಒಯ್ದಿದ್ನಲ್ಲ, ಆವತ್ತು. ದಾರಿಯಾಗ ಹುಳತಿರಬೇಕು ಅನ್ಕೊಂಡೆ.”

“ಅಪ್ಪಗ ಹೇಳಿದ್ರಿ?”

“ಹೇಳಲಿಲ್ಲ ಅನಸ್ತದ.”

“ಅನಸ್ತದ ಅಂದ್ರ ಏನ್ ಭಾವಾ? ಹೇಳಿದ್ರೋ, ಹೇಳಲಿಲ್ಲೋ?”

“ಹೇಳಲಿಲ್ಲ.”

ಎಷ್ಟೋ ವರ್ಷದ ಅನುಮಾನ ಒಂದೇ ಮಾತಿನಲ್ಲಿ ಮುಗಿಯಿತು. ಅದು ನೆನಪಾಗಿ ಹೇಳಿದ್ದಲ್ಲ. ಅವನ ಹಳದಿಗಟ್ಟಿದ ಕಣ್ಣಿನ ಮುಂದೆ ಬೇರೆ ಉತ್ತರ ಕೊಡಲಾಗಲಿಲ್ಲ.

ಅವನು ಕೂಗಾಡಲಿಲ್ಲ. ಆಡುಗಳ ಕಡೆ ನೋಡುತ್ತ ನಿಂತು ಹೇಳಿದ: “ನೀವು ಹೇಳಿದ್ರ ಅಪ್ಪ ಬಿಡ್ತಿದ್ದ. ದಾರು ಬಿಟ್ಟಿದ್ದ ನೋಡಿಲ್ಲೇನು, ಒಂದೇ ದಿನದಾಗ.” ಆಮೇಲೆ ಚರಗಿಯನ್ನು ಬೋರಲು ಮಾಡಿ, ಹಳ್ಳದಲ್ಲಿ ತೊಳೆದು, ಕಂಬಳಿಯೊಳಗೆ ಇಟ್ಟುಕೊಂಡ.

ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಗೂ ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ನಿಮ್ಮ ಮಾಮಗ ನಾಲಗಿ ಇರಲಿಲ್ಲೇನು? ಇಷ್ಟ್ ವರ್ಷ ಕುಡದಾಂವ, ಅವಂಗ ಗೊತ್ತಾಗಲಿಲ್ಲ ಅಂತಿ? ಗೊತ್ತಿತ್ತು. ಅಳಿಯ ಟೆಸ್ಟ್ ಮಾಡ್ಯಾನ ಅಂತ ನಾಲ್ಕ್ ಮಂದಿ ಮುಂದ ಹೇಳೋದು ಭಾಳ ಸೇರ್ತಿತ್ತು ಅವಂಗ, ಅದಕ್ಕ ಹೇಳ್ತಿದ್ದ. ಉಣ್ಣು, ಆರ್ತದ.”

ಅದು ನಿಜವಿರಬಹುದು. ನನ್ನ ಮುಖ ನೋಡಿ ಅವಳು ಕೂಡಿಸಿದ ಮಾತೂ ಇರಬಹುದು. ಕೇಳಿ ನೋಡಲು ಮಾಮ ಇಲ್ಲ. ಇದ್ದಿದ್ದರೆ ನಗುತ್ತಿದ್ದ, ಉತ್ತರ ಹೇಳುತ್ತಿರಲಿಲ್ಲ. ಆ ನಗೆಯಾದರೂ ಒಮ್ಮೆ ಕೇಳಬೇಕೆನಿಸುತ್ತದೆ.

ಅವತ್ತು ಮಧ್ಯಾಹ್ನ ಮಾಮನ ಮಗನನ್ನು ಬಸವಕಲ್ಯಾಣಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ ಬಂದೆ. ಬರಲು ತಕರಾರು ಮಾಡಲಿಲ್ಲ. ಲಿವರ್ ಊದಿದೆ, ಈಗಲೇ ಬಿಟ್ಟರೆ ಸುಧಾರಿಸುತ್ತದೆ ಎಂದರು ಡಾಕ್ಟರು. ದಾರಿಯುದ್ದಕ್ಕೂ ಟಂಟಂನಲ್ಲಿ ನನ್ನ ಎದುರಿನ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದ. ನಾನು ಮನೆ ಹತ್ತಿರ ಇಳಿಯುವಾಗ, “ನಾಳೆನೂ ಇರ್ತೀರೇನು?” ಎಂದು ಕೇಳಿದ. ಇರುತ್ತೇನೆ ಎಂದೆ. ಕಾಲೇಜಿಗೆ ಫೋನು ಮಾಡಿ ಇನ್ನೊಂದು ದಿನ ರಜೆ ಹಾಕಿದೆ.

ಮರುದಿನ ಮುಂಜಾನೆ ಅವನು ಆಡಿನ ಹಟ್ಟಿಯ ಬಾಗಿಲು ತೆಗೆದಾಗ ನಾನು ಹೊರಗೆ ನಿಂತಿದ್ದೆ. ಕೈಯಲ್ಲಿ ಬಡಿಗೆ ಇತ್ತು, ಚರಗಿ ಇರಲಿಲ್ಲ. “ಇವತ್ತ ಮ್ಯಾಲಿನ ದಾರಿಲೆ ಹೋಗೂಣು,” ಎಂದ. ಮೇಲಿನ ದಾರಿ ಹೊಲಗಳ ಬದುವಿನ ಗುಂಟ ಹೋಗುತ್ತದೆ, ಹಳ್ಳ ಮುಟ್ಟುವುದಿಲ್ಲ.

ಬೇವಿನ ಗಿಡದ ಹತ್ತಿರ ದಾರಿ ಕವಲೊಡೆಯುತ್ತದೆ. ಅಲ್ಲಿಗೆ ಬಂದದ್ದೇ ಮುಂದಿದ್ದ ಕರಿ ಆಡು ಯೋಚಿಸದೆ ಹಳ್ಳದ ಕಡೆ ತಿರುಗಿತು. ಅದರ ಹಿಂದೆ ಎಲ್ಲವೂ ತಿರುಗಿದವು. ಮಾಮನ ಕಾಲದಿಂದ ಅವಕ್ಕೆ ಗೊತ್ತಿದ್ದದ್ದು ಅದೊಂದೇ ದಾರಿ. ಮಂಜಿನಲ್ಲಿ ಕೊರಳಗಂಟೆಗಳು ಈಚಲ ಗಿಡಗಳ ಕಡೆ ಇಳಿಯತೊಡಗಿದವು. ಮಾಮನ ಮಗ ಶಿಳ್ಳೆ ಹಾಕಿದ. ಅವು ಕೇಳಲಿಲ್ಲ. ನನ್ನ ಕಾಲುಗಳೂ ಎರಡು ಹೆಜ್ಜೆ ಆ ಕಡೆಗೇ ಇಟ್ಟಿದ್ದವು.

“ನಿಂತ್ಕೊಂಡ್ ಏನ್ ನೋಡಾಕತ್ತೀರಿ ಭಾವಾ? ಆ ಕಡಿಂದ ಅಡ್ಡ ಹೋಗ್ರಿ, ತಿರುವ್ರಿ ಅವನ್ನ!”

ಬೂಟುಗಾಲಿನಲ್ಲೇ ಇಳಿಜಾರಿಗೆ ಓಡಿದೆ. ಕರಿ ಆಡಿನ ಮುಂದೆ ಎರಡೂ ಕೈ ಚಾಚಿ ನಿಂತೆ.